ಗಾಲ್ಫ್ ಬಂಡಿಯಿಂದ ಮೂರು ಗಾಲಿ ಸೈಕಲ್ಲಿನವರೆಗೆ: ಎಂಟನೇ ತರಗತಿಯ ಒಂದು ವಿನ್ಯಾಸ ಪಾಠ

ಇಂಟರ್ನ್‌ಶಿಪ್ಪಿನ ಎರಡನೇ ಹಂತದಲ್ಲಿ ನನಗೆ ಹಂಚಿಕೆಯಾದದ್ದು ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಎಂಟನೇ ತರಗತಿ, ವಿಜ್ಞಾನ, ‘ಬಲ ಮತ್ತು ಒತ್ತಡ’ ಘಟಕ. ಒತ್ತಡದ ಪಾಠಕ್ಕೆ ನಾವೆಲ್ಲ ಕೊಡುವ ಉದಾಹರಣೆಗಳು ಓದುಗರಿಗೆ ಗೊತ್ತೇ ಇವೆ: ಮೊಳೆಯ ಚೂಪು ತುದಿ, ಶಾಲಾ ಚೀಲದ ಅಗಲ ಪಟ್ಟಿ, ಕೊಡ ಹೊರುವವರ ತಲೆಯ ಮೇಲಿನ ಸಿಂಬಿ. ಇವನ್ನು ಬಿಟ್ಟು ಹೊಸದೇನಾದರೂ ತರಬೇಕೆಂಬ ಹುಮ್ಮಸ್ಸು ನನಗೆ. ದೈಹಿಕ ಅಂಗವೈಕಲ್ಯ ಇರುವ ಆಟಗಾರರಿಗಾಗಿ ವಿಶೇಷವಾಗಿ ರೂಪಿಸಿದ ಗಾಲ್ಫ್ ಬಂಡಿಯ ಚಿತ್ರಗಳು ಸಿಕ್ಕಿದ್ದವು. ಅಗಲವಾದ, ಮೆತ್ತನೆಯ ಟೈರು; ಹುಲ್ಲಿಗೆ ಗಾಯವಾಗದಂತೆ ಭಾರವನ್ನು ಹರಡುವ ಉಪಾಯ. ಒತ್ತಡದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಯಾವುದು ಎಂದುಕೊಂಡೆ. ಅದೇ ತರಗತಿಯಲ್ಲಿ ಕೈಯಿಂದ ತುಳಿಯುವ ಮೂರು ಗಾಲಿಯ ಸೈಕಲ್ಲಿನಲ್ಲಿ ಬರುವ ಒಬ್ಬ ಹುಡುಗನಿದ್ದ. ಸಮನ್ವಯ ಶಿಕ್ಷಣವೂ ಆಯಿತು, ವಿಜ್ಞಾನವೂ ಆಯಿತು ಎಂದು ಪಾಠಯೋಜನೆಯ ಕೊನೆಯ ಅಂಕಣದಲ್ಲಿ ಹೆಮ್ಮೆಯಿಂದ ಬರೆದೆ.

ಆ ಹುಡುಗನ ಹೆಸರು ಇಲ್ಲಿ ಬರೆಯುವುದಿಲ್ಲ. ಈ ಲೇಖನವನ್ನು ಅವನಿಗೂ ಅವನ ತಾಯಿಗೂ ಓದಿ ಹೇಳಿದ್ದೇನೆ.

ಮೊದಲ ಅವಧಿ

ಚಿತ್ರ ತೋರಿಸಿ, ‘ಇದು ಯಾವ ವಾಹನ?’ ಎಂದು ಕೇಳಿದೆ. ಗಾಲ್ಫ್ ಎಂಬ ಉತ್ತರ ಒಬ್ಬರಿಂದಲೂ ಬರಲಿಲ್ಲ. ನಮ್ಮ ರಾಜ್ಯಕ್ಕೆ ಆ ಆಟ ಹೊಸದೇನಲ್ಲ, ಬೆಂಗಳೂರು ಗಾಲ್ಫ್ ಕ್ಲಬ್ಬು ಶುರುವಾದದ್ದೇ 1876ರಲ್ಲಿ. ಆದರೆ ಸೇಡಂನ ಮಗುವಿಗೆ ಬೆಂಗಳೂರಿನ ಗಾಲ್ಫ್ ಮೈದಾನ ಚಂದ್ರಲೋಕದಷ್ಟೇ ದೂರ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, ‘ಹಂಪ್ಯಾಗ ಇಂಥಾ ಬ್ಯಾಟರಿ ಗಾಡ್ಯಾಗ ಕೂತು ವಿಠ್ಠಲ ಗುಡಿಗಿ ಹೋಗಿದ್ವಿರಿ ಟೀಚರ್’ ಎಂದಳು. ಹಿಂದಿನ ವರ್ಷದ ಪ್ರವಾಸದ ನೆನಪು. ಕೂಡಲೇ ಅರ್ಧ ತರಗತಿ ಹಂಪಿಗೆ ಹೋಯಿತು. ಪೀಠಿಕೆ ಗೆದ್ದಿತೆಂದು ನಾನು ಖುಷಿಪಟ್ಟೆ. ಆ ಪ್ರವಾಸಕ್ಕೆ ಆ ಹುಡುಗ ಹೋಗಿರಲಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

ಪಾಠ ಸರಾಗವಾಗಿ ಸಾಗಿತು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಅಗಲ ಟೈರು, ಕಡಿಮೆ ಒತ್ತಡ. ಅನ್ವಯದ ಹಂತಕ್ಕೆ ಬಂದಾಗ ನಾನು ಆ ಹುಡುಗನ ಕಡೆ ಕೈ ತೋರಿಸಿ, ‘ಇವನೂ ಮೈದಾನಕ್ಕೆ ಬರುವಂತೆ ಇಂಥದೊಂದು ಬಂಡಿ ನಾವು ರೂಪಿಸೋಣವೇ?’ ಎಂದೆ. ತರಗತಿಯ ಎಲ್ಲ ತಲೆಗಳೂ ಒಮ್ಮೆಗೇ ಅವನ ಕಡೆ ತಿರುಗಿದವು. ಅವನು ನೋಟ್‌ಬುಕ್ಕಿನ ಮೇಲೆ ಬಗ್ಗಿದವನು ಗಂಟೆ ಹೊಡೆಯುವವರೆಗೂ ತಲೆ ಎತ್ತಲಿಲ್ಲ.

ನನ್ನ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಹಾಳೆಯಲ್ಲಿ ಧ್ವನಿ, ಕಪ್ಪುಹಲಗೆ ಬಳಕೆ, ಉಪಕರಣ ಎಲ್ಲಕ್ಕೂ ‘ಉತ್ತಮ’ ಎಂದು ಗುರುತು ಹಾಕಿದ್ದರು. ಕೆಳಗೆ ಒಂದೇ ಸಾಲಿನ ಟಿಪ್ಪಣಿ ಇತ್ತು: ‘ಸಮಸ್ಯೆ ಯಾರದು, ಹೇಳಿದವರು ಯಾರು?’

ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ಅವನ ಹತ್ತಿರ ಹೋಗಿ ಕೂತೆ. ಕ್ಷಮೆ ಕೇಳುವುದು ಹೇಗೆಂದು ತಿಳಿಯದೆ ಬಂಡಿಯ ವಿಷಯವನ್ನೇ ತೆಗೆದೆ. ಬ್ಯಾಟರಿ ಹಾಕಿದರೆ ಹೇಗೆ, ಮೈದಾನಕ್ಕೆ ಇಳಿಜಾರು ಕಟ್ಟಿಸಿದರೆ ಹೇಗೆ ಎಂದೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಹೇಳಿದ: ‘ಮೈದಾನಕ್ಕ ನಾ ದಿನಾ ಹೋಗ್ತೀನ್ರಿ ಟೀಚರ್. ಸ್ಕೋರ್ ನಾನೇ ಬರೀತೀನಿ. ಕೂಡ್ಲಾಕ ಜಾಗ ಅದರಿ. ಬ್ಯಾಟ್ ತಿರುವ್ಲಾಕ ಜಾಗ ಇಲ್ಲ.’

ಅವನ ಸೈಕಲ್ಲನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಸವಾರನ ಎದೆಯ ಎದುರಿಗೆ, ಎರಡು ಕೈಗಳ ನಡುವೆ, ಕೈಪೆಡಲ್ಲಿನ ಕಂಬ. ಸಾಗಲು ಬೇಕಾದದ್ದೆಲ್ಲ ಅಲ್ಲಿದೆ. ಆದರೆ ಬ್ಯಾಟು ಬೀಸುವ ಜಾಗವೂ ಅದೇ. ಮಕ್ಕಳಿಗೆ ತೋರಿಸಿದ್ದ ಗಾಲ್ಫ್ ಬಂಡಿಯ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಅದರ ಮುಖ್ಯ ವಿಶೇಷ ಟೈರಿನಲ್ಲಿ ಇರಲೇ ಇಲ್ಲ. ಒಬ್ಬರೇ ಕೂರುವ ಆ ಬಂಡಿಯಲ್ಲಿ ಕುರ್ಚಿ ಪಕ್ಕಕ್ಕೆ ತಿರುಗುತ್ತದೆ. ಸ್ಟಿಯರಿಂಗ್ ಒಂದು ಕಡೆ ಉಳಿದು, ಆಟಗಾರನ ಎದುರು ಬಯಲಾಗುತ್ತದೆ. ಕೆಲವು ಮಾದರಿಗಳಲ್ಲಿ ಕುರ್ಚಿಯೇ ಮೇಲೆದ್ದು, ಎದೆಗೂ ಮಂಡಿಗೂ ಪಟ್ಟಿ ಬಿಗಿದ ಆಟಗಾರನನ್ನು ನಿಂತ ಭಂಗಿಗೆ ತರುತ್ತದೆ. ವೇಗ, ಬ್ರೇಕು ಎರಡೂ ಕೈಯಲ್ಲಿ. ಪ್ರಯಾಣಕ್ಕೆ ಒಂದು ದಿಕ್ಕು, ಹೊಡೆತಕ್ಕೆ ಅದಕ್ಕೆ ಅಡ್ಡವಾದ ಇನ್ನೊಂದು ದಿಕ್ಕು. ಎಂಟನೇ ತರಗತಿಯ ಹುಡುಗ ಒಂದೇ ಮಾತಿನಲ್ಲಿ ಹೇಳಿದ್ದು ಇದನ್ನೇ.

ಮರುರೂಪಿಸಿದ ಪಾಠ

ಮುಂದಿನ ಮೂರು ಅವಧಿಗಳ ಯೋಜನೆಯನ್ನು ಹರಿದು ಹೊಸದಾಗಿ ಬರೆದೆ. ಅವನನ್ನು ಕೇಳಿಯೇ ಬರೆದೆ. ತರಗತಿಗೆ ಸಮಸ್ಯೆಯನ್ನು ತಾನೇ ಹೇಳುವುದಾಗಿ ಒಪ್ಪಿಕೊಂಡ, ಆದರೆ ಒಂದು ಶರತ್ತು: ‘ಪಾಪ ಅನ್ಬಾರ್ದು.’ ಎರಡನೇ ಶರತ್ತು ಅವನ ತಾಯಿಯದು. ಸೈಕಲ್ಲು ಸರ್ಕಾರದ ಯೋಜನೆಯಲ್ಲಿ ಬಂದದ್ದು, ಅದನ್ನು ಕೊಯ್ಯಬಾರದು, ತೂತು ಹಾಕಬಾರದು. ಇದ್ದ ಒಂದೇ ಗಾಡಿ ಕೆಟ್ಟರೆ ಮಗ ಶಾಲೆಗೆ ಬರುವುದೇ ನಿಂತುಹೋಗುತ್ತದೆ ಎಂಬ ಅವರ ಭಯ ನ್ಯಾಯವಾದದ್ದು. ಕಪ್ಪುಹಲಗೆಯ ಮೇಲೆ ಇವೆರಡನ್ನೂ ವಿನ್ಯಾಸದ ನಿಯಮಗಳೆಂದೇ ಬರೆದೆವು.

ಎಂಟು ಗುಂಪುಗಳು ರಟ್ಟು, ಬೆಂಕಿಪೊಟ್ಟಣ, ಬಾಟಲಿ ಮುಚ್ಚಳಗಳಲ್ಲಿ ಮಾದರಿ ಮಾಡಿದವು. ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸುವ ವಿಚಾರ ನಾಲ್ಕು ಗುಂಪುಗಳಿಗೆ ತಾವಾಗಿಯೇ ಹೊಳೆಯಿತು. ಕುರ್ಚಿ ತಿರುಗಿಸಿ ಮೇಲೆ ಮಣ್ಣಿನ ಗೊಂಬೆ ಕೂರಿಸಿ ಮುಂದಕ್ಕೆ ಬಾಗಿಸಿದ ಕೂಡಲೇ ನಾಲ್ಕೂ ಮಾದರಿಗಳು ಅಡ್ಡ ಬಿದ್ದವು. ಯಾಕೆ ಎಂಬ ಪ್ರಶ್ನೆ ನಾನು ಕೇಳಬೇಕಾಗಿಯೇ ಬರಲಿಲ್ಲ.

ಇಲ್ಲಿ ಘಟಕದ ಗಡಿಯನ್ನು ಸ್ವಲ್ಪ ದಾಟಿದೆ. ಗುರುತ್ವ ಕೇಂದ್ರ ಈ ಘಟಕದಲ್ಲಿ ಇಲ್ಲ. ಆದರೆ ಗೌಂಡಿ ಕೆಲಸದವರ ಮಕ್ಕಳು ತರಗತಿಯಲ್ಲಿ ನಾಲ್ಕೈದು ಜನ ಇದ್ದರು, ಅವರ ಮನೆಯಲ್ಲಿ ಗೋಡೆ ನೆಟ್ಟಗಿದೆಯೇ ಎಂದು ನೋಡುವ ಗುಂಡು ದಾರ ಇತ್ತು. ಗುಂಡು ತೋರಿಸುವ ಜಾಗ ಮೂರು ಗಾಲಿಗಳು ನೆಲ ಮುಟ್ಟುವ ಬಿಂದುಗಳ ತ್ರಿಕೋನದ ಒಳಗೆ ಇರುವವರೆಗೆ ಬಂಡಿ ನಿಲ್ಲುತ್ತದೆ, ಹೊರಗೆ ಹೋದರೆ ಉರುಳುತ್ತದೆ. ಇಷ್ಟು ಹೇಳಿದರೆ ಸಾಕಾಯಿತು. ಎತ್ತಿನ ಬಂಡಿಯಲ್ಲಿ ಹಿಂದಕ್ಕೆ ಹೇರು ಹೆಚ್ಚಾದರೆ ನೊಗ ಎತ್ತುಗಳ ಕೊರಳಿನಿಂದ ಮೇಲೇಳುತ್ತದೆ ಎಂದು ಒಬ್ಬ ಹೇಳಿದ. ಫರಸಿ ಕಲ್ಲು ಸಾಗಿಸುವ ತಳ್ಳುಬಂಡಿಯಲ್ಲಿ ಭಾರವನ್ನು ಗಾಲಿಯ ಅಚ್ಚಿನ ಮೇಲೇ ಯಾಕೆ ಹೇರುತ್ತಾರೆ ಎಂಬುದನ್ನು ಇನ್ನೊಬ್ಬ ವಿವರಿಸಿದ. ಶಹಾಬಾದ್ ಕಲ್ಲಿನ ಸೀಮೆಯ ಮಕ್ಕಳಿಗೆ ನಾನು ಸ್ಥಿರತೆ ಕಲಿಸಲು ಹೊರಟಿದ್ದೆ!

ನಂತರ ನಿಜವಾದ ಸೈಕಲ್ಲನ್ನು ಅಳೆದೆವು. ಹಿಂದಿನ ಎರಡು ಗಾಲಿಗಳ ನಡುವೆ 60 ಸೆಂಟಿಮೀಟರ್, ಮುಂದಿನ ಗಾಲಿಯಿಂದ ಹಿಂದಿನ ಅಚ್ಚಿಗೆ 100. ಗ್ರಾಫ್ ಹಾಳೆಯಲ್ಲಿ 1:10 ಪ್ರಮಾಣದಲ್ಲಿ ತ್ರಿಕೋನ ಬರೆದರು. ಹುಡುಗ 45 ಕಿಲೋ, ಸೈಕಲ್ಲು 30 ಕಿಲೋ, ಒಟ್ಟು 75. ಇಬ್ಬರ ಭಾರವೂ ಸೇರಿ ಬೀಳುವ ಬಿಂದುವನ್ನು ಅಚ್ಚಿನಿಂದ ಸುಮಾರು 30 ಸೆಂಟಿಮೀಟರ್ ಮುಂದೆ ಎಂದು ಇಟ್ಟುಕೊಂಡೆವು. ಆ ಜಾಗದಲ್ಲಿ ನಡುಗೆರೆಯಿಂದ ತ್ರಿಕೋನದ ಅಂಚಿಗೆ ಇರುವ ದೂರ 30 ಅಲ್ಲ, 21 ಮಾತ್ರ. ಮುಂದೆ ಹೋದಂತೆ ತ್ರಿಕೋನ ಕಿರಿದಾಗುತ್ತದಲ್ಲ. ಒಟ್ಟು ಬಿಂದು 21 ಸೆಂಟಿಮೀಟರ್ ಸರಿಯಬೇಕಾದರೆ ಹುಡುಗನ ಭಾರ ಎಷ್ಟು ಸರಿಯಬೇಕು? 21ನ್ನು 75ರಿಂದ ಗುಣಿಸಿ 45ರಿಂದ ಭಾಗಿಸಿದರೆ 35. ಅಡ್ಡ ಕೂತು, ಕಾಲು ಹೊರಗೆ ಇಳಿಬಿಟ್ಟು, ಗಾಲಿಯಾಚೆಗೆ ಬಿದ್ದ ಚೆಂಡಿಗೆ ಬಾಗಿ ಬ್ಯಾಟು ಬೀಸುವವನಿಗೆ 35 ಸೆಂಟಿಮೀಟರ್ ದೊಡ್ಡ ದೂರವೇನಲ್ಲ. ಲೆಕ್ಕ ಮುಗಿಸಿದ ಹುಡುಗಿ ತಾನೇ ಗಾಬರಿಯಾಗಿ, ‘ಬೀಳ್ತಾನಲ್ರಿ!’ ಎಂದಳು. ಗಣಿತಕ್ಕೆ ಇಷ್ಟು ಕಾಳಜಿ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಲ್ಲೊಂದು ಉಪಪ್ರಶ್ನೆ ಚೆನ್ನಾಗಿ ಒದಗಿತು. ಓಟದ ಗಾಲಿಕುರ್ಚಿಗಳ ಗಾಲಿಗಳು ಮೇಲೆ ಹತ್ತಿರ, ಕೆಳಗೆ ದೂರ ಇರುವಂತೆ ಓರೆಯಾಗಿರುತ್ತವೆ, ಯಾಕೆ? ಬೆಂಗಳೂರಿನ ಮಾಲತಿ ಹೊಳ್ಳ ಅವರ ಬಗ್ಗೆ ಹೇಳಿ ಈ ಪ್ರಶ್ನೆ ಕೇಳಿದೆ. ಗಾಲಿಕುರ್ಚಿಯ ಕ್ರೀಡಾಪಟು, 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಉತ್ತರ ತ್ರಿಕೋನದ ಚಿತ್ರದಿಂದಲೇ ಬಂತು: ಕೆಳಗಿನ ಅಗಲ ಹೆಚ್ಚು, ಉರುಳುವುದು ಕಡಿಮೆ.

ಮರಳ ಚೀಲದ ಪರೀಕ್ಷೆ

ಉರುಳದಂತೆ ಮಾಡುವುದು ಹೇಗೆ? ಗಾಲಿ ಅಗಲಿಸಲು ಗಾಡಿ ಕೊಯ್ಯಬೇಕು, ಅದು ನಿಯಮಕ್ಕೆ ವಿರುದ್ಧ. ಉತ್ತರ ಕೊಟ್ಟವನು ಒಕ್ಕಲುತನದ ಮನೆಯ ಹುಡುಗ. ‘ಎತ್ತು ಬಿಚ್ಚಿದ ಮ್ಯಾಲ ಬಂಡಿಗಿ ಕಟ್ಟಿಗಿ ಊರ್ತೀವಲ್ರಿ, ಹಂಗ ಬಾಜೂಕ ಒಂದು ಊರಿದ್ರ?’ ತ್ರಿಕೋನಕ್ಕೆ ನಾಲ್ಕನೇ ಮೂಲೆ ಸಿಕ್ಕಿತು.

ಸೇಡಂ ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ಪೈಪಿನಿಂದ ಬೆನ್ನಾಸರೆ ಇರುವ ಒಂದು ಹಲಗೆ ಮಾಡಿಸಿದೆವು. ಸೀಟಿನ ಮೇಲೆ ಅಡ್ಡಲಾಗಿ ಕೂರಿಸಿ, ಕಬ್ಬಿಣದ ಪಟ್ಟಿಯಿಂದ ಬಿಗಿಯುವಂಥದು, ತೂತಿಲ್ಲ, ಕೊಯ್ತವಿಲ್ಲ. ಹಲಗೆಯ ಹೊರ ಅಂಚಿಗೆ ಮಡಚುವ ಊರುಗಾಲು. ಅಂಗಡಿಯವರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ‘ಅಕ್ಕೋರೆ, ಮೊದಲ ಹುಡುಗನ್ನ ಕೂಡಸಬ್ಯಾಡ್ರಿ, ಚೀಲ ಇಟ್ಟು ನೋಡ್ರಿ’ ಎಂದರು. ನನ್ನ ಪಾಠಯೋಜನೆಯಲ್ಲಿ ಸುರಕ್ಷತೆಗೆ ಅಂಕಣವೇ ಇರಲಿಲ್ಲ. ಈಗ ಇದೆ.

ಖಾಲಿ ಸಿಮೆಂಟ್ ಚೀಲಕ್ಕೆ 45 ಕಿಲೋ ಮರಳು ತುಂಬಿ, ಹಲಗೆಯ ಮೇಲಿಟ್ಟು, ಗಾಲಿಗಳಿಗೆ ಫರಸಿ ಚೂರು ಒಡ್ಡಿ, ಚೀಲವನ್ನು ಮೆಲ್ಲಗೆ ಅಂಚಿಗೆ ತಳ್ಳಿದೆವು. ಮೊದಲ ಕ್ಷಣ ನಿಂತಿತು. ಹಿಂದಿನ ರಾತ್ರಿ ಮಳೆಯಾಗಿತ್ತು. ಕ್ರಿಕೆಟ್ ಆಡುವ ಪಟ್ಟಿಗೆ ಮುರಂ ಹಾಕಿದ್ದರೂ ಅದರ ಪಕ್ಕದ್ದೆಲ್ಲ ಎರೆಮಣ್ಣು. ಊರುಗಾಲು ನಾಲ್ಕು ಬೆರಳು ಕೆಳಗಿಳಿಯಿತು, ಸೈಕಲ್ಲು ವಾಲಿತು, ಚೀಲ ಧೊಪ್ಪನೆ ಬಿತ್ತು. ನಲವತ್ತು ಮಕ್ಕಳು ಸುಮ್ಮನಾದರು. ಅವನು ಮಾತ್ರ ನಕ್ಕು, ‘ನಾ ಔಟ್’ ಎಂದ.

ಬಿಟ್ಟುಹೋಗಿದ್ದ ಒತ್ತಡದ ಪಾಠ ಆ ಕ್ಷಣ ತಾನಾಗಿ ಮರಳಿ ಬಂತು. ಊರುಗಾಲಿನ ತುದಿ 5 ಸೆಂಟಿಮೀಟರ್ ಚೌಕ, ಅಂದರೆ 25 ಚದರ ಸೆಂಟಿಮೀಟರ್. ಅದರ ಮೇಲೆ 250 ನ್ಯೂಟನ್ ಬಲ ಬಿದ್ದಿತೆಂದುಕೊಂಡರೆ ಒತ್ತಡ 1,00,000 ಪಾಸ್ಕಲ್. ಕೆಳಗೆ 20 ಸೆಂಟಿಮೀಟರ್ ಚೌಕದ ಫರಸಿ ತುಂಡು ಇಟ್ಟರೆ ವಿಸ್ತೀರ್ಣ 400, ಒತ್ತಡ 6,250 ಪಾಸ್ಕಲ್. ಹದಿನಾರನೇ ಒಂದು ಪಾಲು. ಫರಸಿ ಇಟ್ಟು ಮತ್ತೆ ತಳ್ಳಿದೆವು. ನಿಂತಿತು. ಅಲುಗಾಡಿಸಿದೆವು, ನಿಂತಿತು. ಗಾಲ್ಫ್ ಬಂಡಿಯ ಅಗಲ ಟೈರು ಹುಲ್ಲನ್ನು ಕಾಯುವುದೂ ನಮ್ಮ ಫರಸಿ ಊರುಗಾಲನ್ನು ಕಾಯುವುದೂ ಒಂದೇ ತತ್ತ್ವ ಎಂದು ನಾನು ವಿವರಿಸಲು ಹೊರಟಾಗ, ‘ಗೊತ್ತಾತ್ರಿ ಟೀಚರ್’ ಎಂದು ಮಕ್ಕಳೇ ನಿಲ್ಲಿಸಿದರು. ಘಟಕ ಪರೀಕ್ಷೆಯಲ್ಲಿ ಒತ್ತಡದ ಪ್ರಶ್ನೆಗೆ ಹೆಚ್ಚಿನವರು ಬರೆದದ್ದು ಮೊಳೆಯ ಉದಾಹರಣೆಯನ್ನಲ್ಲ, ಈ ಊರುಗಾಲಿನದನ್ನು.

ಒಂದು ತಪ್ಪು ಇನ್ನೂ ಉಳಿದಿತ್ತು. ಸೈಕಲ್ಲಿನ ಮುಖ ಬೌಲರ್ ಕಡೆ, ಕೂತವನ ಮುಖ ಸೈಕಲ್ಲಿನ ಬಲಕ್ಕೆ ಎಂದು ಹಲಗೆ ಮಾಡಿಸಿದ್ದೆವು. ಬಲಗೈ ಬ್ಯಾಟಿಂಗಿಗೆ ಅದು ಸರಿ. ಅವನು ಎಡಗೈ ಆಟಗಾರ! ಇಷ್ಟು ದಿನ ಅಳೆದು, ತೂಗಿ, ಗ್ರಾಫ್ ಬರೆದ ನಮ್ಮಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಮತ್ತೆ ವೆಲ್ಡಿಂಗ್ ಅಂಗಡಿಗೆ ಹೋಗಬೇಕಲ್ಲ ಎಂದು ನಾನು ಮುಖ ಸಣ್ಣ ಮಾಡಿಕೊಂಡರೆ ಅವನು, ‘ಗಾಡಿ ತಿರುವಿ ನಿಲ್ಸಿದ್ರಾತಲ್ರಿ’ ಎಂದ. ಹೌದು, ಹಿಂಭಾಗ ಬೌಲರ್ ಕಡೆಗೆ ಮಾಡಿದರೆ ಅದೇ ಹಲಗೆ ಎಡಗೈಗೆ ಹೊಂದುತ್ತದೆ. ಕೈಪೆಡಲ್ಲಿನ ಕಂಬವೂ ಚೆಂಡಿನ ದಾರಿಯಿಂದ ತಪ್ಪುತ್ತದೆ.

ರನ್ನರ್ ಬೇಕೇ, ಬೇಡವೇ

ಬಂಡಿ ಸಿದ್ಧವಾದ ಮೇಲೆ ಜಗಳ ಶುರುವಾಯಿತು. ಅವನ ಪರವಾಗಿ ಓಡುವವನಿಗೆ ಅವಕಾಶ ಕೊಡಬೇಕೇ? ‘ಅವಗ ಕೊಟ್ರ ನಮಗೂ ಬೇಕು’ ಎಂದು ತರಗತಿಯ ಅತಿ ವೇಗದ ಓಟಗಾರ ಪಟ್ಟು ಹಿಡಿದ. ನಾನು ಅಮೆರಿಕದ ಕೇಸಿ ಮಾರ್ಟಿನ್ ಎಂಬ ಗಾಲ್ಫ್ ಆಟಗಾರನ ಪ್ರಸಂಗ ಹೇಳಿದೆ. ಬಲಗಾಲಿನ ರಕ್ತಸಂಚಾರದ ಕಾಯಿಲೆಯಿಂದ ನಡೆಯುವುದು ಕಷ್ಟವಾಗಿ, ಪಂದ್ಯದಲ್ಲಿ ಬಂಡಿ ಬಳಸಲು ಆತ ಅನುಮತಿ ಕೇಳಿದ್ದ. ನಡಿಗೆಯೂ ಆಟದ ಭಾಗ ಎಂದು ಪಂದ್ಯ ನಡೆಸುವ ಸಂಸ್ಥೆ ವಾದಿಸಿತು. 2001ರ ಮೇ 29ರಂದು ಅಲ್ಲಿನ ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಮಾರ್ಟಿನ್ ಪರ ತೀರ್ಪು ಕೊಟ್ಟಿತು: ಗಾಲ್ಫ್‌ನ ಜೀವಾಳ ಹೊಡೆತ, ನಡಿಗೆಯಲ್ಲ.

ಇದರಿಂದ ಜಗಳ ಮುಗಿಯುತ್ತದೆಂದು ಎಣಿಸಿದ್ದೆ. ಒಬ್ಬಳು ಎದ್ದು, ‘ಕ್ರಿಕೆಟ್‌ನ್ಯಾಗ ಓಡೋದೂ ಆಟಾನೇ ಅಲ್ಲೇನ್ರಿ?’ ಎಂದಳು. ಅವಳ ಮಾತು ನಿಜ. 2011ರ ಅಕ್ಟೋಬರಿನಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಗಾಯಗೊಂಡ ಬ್ಯಾಟರಿಗೂ ರನ್ನರ್ ಕೊಡುವುದನ್ನು ಐಸಿಸಿ ನಿಲ್ಲಿಸಿದೆ. ಗಾಲ್ಫ್‌ನ ತರ್ಕ ಕ್ರಿಕೆಟ್ಟಿಗೆ ಹಾಗೇ ಹೊಂದುವುದಿಲ್ಲ ಎಂದು ತರಗತಿಯ ಮುಂದೆ ಒಪ್ಪಿಕೊಂಡೆ. ಆದರೆ ನಮ್ಮ ಮೈದಾನದಲ್ಲಿ ಐಸಿಸಿ ನಿಯಮದಂತೆ ನಡೆಯುವುದು ಬೇರೆ ಯಾವುದಿದೆ? ಗೋಡೆಗೆ ನೇರ ಬಡಿದರೆ ಔಟು, ಜೋಳದ ಹೊಲಕ್ಕೆ ಹೋದರೆ ಎರಡೇ ರನ್ನು. ಅಂತೂ ಅವನೇ ಸೂಚಿಸಿದಂತೆ ಗೆರೆಗಳನ್ನು ಎಳೆದರು: ಚೆಂಡು ಮೊದಲ ಗೆರೆ ದಾಟಿದರೆ ಒಂದು, ಎರಡನೆಯದು ದಾಟಿದರೆ ಎರಡು, ಓಟವಿಲ್ಲ, ರನ್ನರ್ ಇಲ್ಲ. ವೇಗದ ಓಟಗಾರನೂ ಒಪ್ಪಿದ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 30ನೇ ಕಲಂ ಕ್ರೀಡೆಯಲ್ಲಿ ಪಾಲ್ಗೊಳ್ಳುವಿಕೆಯ ಬಗ್ಗೆ ಹೇಳುತ್ತದೆ. ಮೂಲಸೌಕರ್ಯದ ಮರುವಿನ್ಯಾಸ, ತಂತ್ರಜ್ಞಾನ ಎಲ್ಲ ಅಲ್ಲಿವೆ. ಅದನ್ನು ಬಿ.ಇಡಿ. ಪರೀಕ್ಷೆಗೆ ನಾನೂ ಕಂಠಪಾಠ ಮಾಡಿದ್ದೆ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಎಳೆದ ಎರಡು ಗೆರೆಗಳಾಗಿ ಅದನ್ನು ನೋಡಿರಲಿಲ್ಲ.

ಮೊದಲ ಪಂದ್ಯದಲ್ಲಿ ಬೌಲರ್ ಕರುಣೆಯಿಂದ ಮೆಲ್ಲಗೆ ಚೆಂಡು ಉರುಳಿಸಿದ. ಅವನು ಬ್ಯಾಟು ಮಡಿಲಲ್ಲಿಟ್ಟು ಆಡುವುದಿಲ್ಲ ಎಂದ. ಮುಂದಿನ ಎಸೆತ ಸರಿಯಾಗಿ ಬಂತು, ತಪ್ಪಿತು. ಆರನೆಯದಕ್ಕೆ ಬ್ಯಾಟು ತಾಗಿ ಮೊದಲ ಗೆರೆ ದಾಟಿತು. ಎಂಟನೆಯದಕ್ಕೆ ಬೌಲ್ಡ್. ಆ ದಿನ ಸ್ಕೋರ್ ವಹಿ ನನ್ನ ಕೈಯಲ್ಲಿತ್ತು. ನಾನು ಎಸೆತಗಳನ್ನು ತಪ್ಪು ಎಣಿಸಿದ್ದನ್ನು ಅವನೇ ತಿದ್ದಿದ.

ಇದನ್ನು ಬೇರೆ ಶಾಲೆಯಲ್ಲಿ ಮಾಡಬಯಸುವ ಸಹಪ್ರಶಿಕ್ಷಣಾರ್ಥಿಗಳಿಗೆ ಒಂದೆರಡು ಮಾತು. ಮೂರು ಅವಧಿ ಸಾಲುವುದಿಲ್ಲ, ನನಗೆ ಐದು ಬೇಕಾದವು. ಕ್ರೀಡಾ ಅವಧಿಯನ್ನು ಬಿಟ್ಟುಕೊಟ್ಟ ದೈಹಿಕ ಶಿಕ್ಷಕರು ಇರದಿದ್ದರೆ ಘಟಕ ಮುಗಿಯುತ್ತಿರಲಿಲ್ಲ. ಎದೆಯ ಪಟ್ಟಿ ಇನ್ನೂ ಸರಿಯಾಗಿಲ್ಲ: ಹಳೆ ಶಾಲಾ ಚೀಲದ ಪಟ್ಟಿ ಬಳಸಿದ್ದೇವೆ, ತುರ್ತಿನಲ್ಲಿ ಒಂದೇ ಕೈಯಿಂದ ಬಿಚ್ಚಲು ಬರುವುದಿಲ್ಲ. ಅಲ್ಲಿಯವರೆಗೆ ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು ಎಂದು ದೈಹಿಕ ಶಿಕ್ಷಕರೂ ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರೂ ಹೇಳಿದ್ದಾರೆ. ಹಲಗೆ, ಊರುಗಾಲು, ಫರಸಿ ತುಂಡು ಮೂರೂ ಶಾಲೆಯ ಕ್ರೀಡಾ ಕೋಣೆಯಲ್ಲಿವೆ.

ಇಂಟರ್ನ್‌ಶಿಪ್ಪಿನ ಕೊನೆಯ ದಿನ ಅವನು ನನ್ನನ್ನು ನಿಲ್ಲಿಸಿ ಕೇಳಿದ: ‘ಟೀಚರ್, ಇದರ ಮ್ಯಾಲ ಕೂತು ಬೌಲಿಂಗ್ ಹಾಕ್ಲಾಕ ಬರ್ತದೇನ್ರಿ?’ ಬೌಲಿಂಗಿನಲ್ಲಿ ತೋಳು ತಲೆಯ ಮೇಲಿಂದ ಬರುತ್ತದೆ, ಮೈ ಇನ್ನೊಂದು ದಿಕ್ಕಿಗೆ ಎಸೆಯುತ್ತದೆ; ಊರುಗಾಲು ಎಲ್ಲಿ ಬರಬೇಕೆಂದು ಮತ್ತೆ ಲೆಕ್ಕ ಹಾಕಬೇಕು. ಅವನ ಸೈಕಲ್ಲಿನ ತ್ರಿಕೋನ ಬರೆದ ಗ್ರಾಫ್ ಹಾಳೆಯನ್ನು ಅವನ ಕೈಗೇ ಕೊಟ್ಟು ಬಂದಿದ್ದೇನೆ.